ತಲೆ ದಡ್ಡಲ್ಲ, ಮನಸ್ಸು ದಣಿದಿದೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ. ಕೇಳಿದವರು ಬರಹದಲ್ಲಿ ಬೇಕು ಅಂದದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ನಮ್ಮ ಸಭೆಗಳಲ್ಲಿ ಭೂಮಿಯ ಬಗ್ಗೆ ಮಾತಾಡ್ತೀವಿ. ಕೂಲಿಯ ಬಗ್ಗೆ, ಕೆರೆ ಬಾವಿಯ ಬಗ್ಗೆ, ದೇವಸ್ಥಾನದ ಬಾಗಿಲ ಬಗ್ಗೆ, ಮೀಸಲಾತಿಯ ಬಗ್ಗೆ ಮಾತಾಡ್ತೀವಿ. ಮಾತಾಡಲೇಬೇಕು. ಆದರೆ ರಾತ್ರಿ ಎರಡು ಗಂಟೆಯಲ್ಲಿ ಹಾಸ್ಟೆಲಿನ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರೋ ಹುಡುಗನ ಬಗ್ಗೆ ನಾವು ಠರಾವು ಮಾಡಿದ್ದು ಕಡಿಮೆ. ಬೆಳಿಗ್ಗೆ ಎದ್ದು ತಲೆನೋವು ಅಂತ ಕಾಲೇಜಿಗೆ ಹೋಗದೆ ಉಳಿಯೋ ಹುಡುಗಿಯ ಬಗ್ಗೆ ಕರಪತ್ರ ಹಂಚಿದ್ದು ಇನ್ನೂ ಕಡಿಮೆ. ಈವತ್ತು ಅವರ ಬಗ್ಗೆ ಮಾತಾಡೋಣ. ಇದು ಆಸ್ಪತ್ರೆಯವರ ವಿಷಯ, ಚಳವಳಿಗೇನು ಕೆಲಸ ಅಂತ ಯಾರಾದರೂ ಕೇಳಬಹುದು. ಅದಕ್ಕೆ ನಮ್ಮ ಉತ್ತರ ಮುಂದೆ ಬರ್ತದೆ.

ಮೊದಲು ಓದಿನ ಕಥೆ ತಗೊಳ್ಳೋಣ. ನಮ್ಮ ಕೇರಿಯ ಒಬ್ಬ ಹುಡುಗ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ನಂಬರು ತೆಗೀತಾನೆ. ಊರಲ್ಲಿ ಹಾರ ಹಾಕ್ತಾರೆ. ಮೇಷ್ಟ್ರು 'ಸೈನ್ಸ್ ತಗೋ' ಅಂತಾರೆ. ಪಟ್ಟಣಕ್ಕೆ ಬರ್ತಾನೆ. ಮೊದಲನೇ ದಿನವೇ ಕರಿಹಲಗೆಯ ಮೇಲೆ ಎಲ್ಲಾ ಇಂಗ್ಲಿಷು. ದ್ಯುತಿಸಂಶ್ಲೇಷಣೆ ಅಂದರೆ ಗಿಡ ಬಿಸಿಲಲ್ಲಿ ಹೇಗೆ ಅನ್ನ ಮಾಡಿಕೊಳ್ತದೆ ಅಂತ ಚೆನ್ನಾಗಿ ಗೊತ್ತಿದ್ದ ಹುಡುಗ, ಫೋಟೋಸಿಂಥೆಸಿಸ್ ಅಂದಾಗ ಸುಮ್ಮನೆ ಕೂರ್ತಾನೆ. ವೇಗೋತ್ಕರ್ಷದ ಲೆಕ್ಕ ಮಾಡಿದವನು ಆಕ್ಸಿಲರೇಷನ್ ಅಂದಾಗ ಬೆವರ್ತಾನೆ. ಪಕ್ಕದ ಬೆಂಚಿನವನು ಕೇಳಿದ್ದನ್ನು ಅರ್ಥ ಮಾಡಿಕೊಂಡರೆ ಆಯ್ತು, ಅವನಿಗೆ ಒಂದೇ ಕೆಲಸ. ನಮ್ಮವನಿಗೆ ಎರಡು ಕೆಲಸ. ಮೊದಲು ಅನುವಾದ, ಆಮೇಲೆ ಅರ್ಥ. ಅವನು ಒಂದು ವಾಕ್ಯ ಅನುವಾದ ಮಾಡೋ ಹೊತ್ತಿಗೆ ಮೇಷ್ಟ್ರು ನಾಲ್ಕು ವಾಕ್ಯ ಮುಂದೆ ಹೋಗಿರ್ತಾರೆ.

ಒಂದು ದಿನ ಎದ್ದು ನಿಲ್ಲಿಸಿ ಪ್ರಶ್ನೆ ಕೇಳ್ತಾರೆ. ಉಚ್ಚಾರಣೆ ತಪ್ತದೆ. ಹಿಂದಿನಿಂದ ನಗು. ಮಾರನೇ ದಿನದಿಂದ ಅವನು ಹಿಂದಿನ ಬೆಂಚು. ದಸರಾ ರಜೆ ಕಳೆದ ಮೇಲೆ ಹಾಜರಾತಿ ಕಡಿಮೆ. ಕ್ರಿಸ್ಮಸ್ ಹೊತ್ತಿಗೆ ಅವನೇ ತನಗೆ ತೀರ್ಪು ಕೊಟ್ಟುಕೊಂಡಿರ್ತಾನೆ: 'ನಂಗೆ ತಲೆ ಇಲ್ಲ ಕಣೋ.'

ಗೆಳೆಯರೇ, ಈ ತೀರ್ಪನ್ನು ಯಾರು ಬರೆದದ್ದು? ಜೂನ್ ತಿಂಗಳಲ್ಲಿ ಇದ್ದ ತಲೆ ಡಿಸೆಂಬರಿಗೆ ಎಲ್ಲಿ ಹೋಯ್ತು? ತಲೆ ಅಲ್ಲೇ ಇದೆ. ಅದರ ಮೇಲೆ ನಾಚಿಕೆಯ ಚಪ್ಪಡಿ ಇಟ್ಟಿದ್ದಾರೆ. ಹೆದರಿದ ಮನಸ್ಸು ಕಲಿಯೋದಿಲ್ಲ. ನಗ್ತಾರೇನೋ ಅಂತ ಸುತ್ತ ನೋಡಿಕೊಂಡು ಕೂತವನ ಗಮನದಲ್ಲಿ ಅರ್ಧ ಆ ಕಾವಲಿಗೇ ಖರ್ಚಾಗ್ತದೆ. ಉಳಿದ ಅರ್ಧದಲ್ಲಿ ಅವನು ಭೌತಶಾಸ್ತ್ರ ಕಲೀಬೇಕು. ನಮ್ಮವರ ತಲೆಗೆ ಮಂಕು ಅನ್ನೋ ಮಾತನ್ನು ಸಾವಿರ ವರ್ಷ ಹೇಳಿಕೊಂಡು ಬಂದವರಿಗೆ, ಆ ಮಾತನ್ನೇ ನಮ್ಮ ಬಾಯಿಂದ ಹೇಳಿಸೋದು ದೊಡ್ಡ ಗೆಲುವು. ಅದನ್ನು ಅವರಿಗೆ ಕೊಡಬಾರದು.

ಓದಿನ ಜೊತೆಗೆ ಇನ್ನೂ ಎಷ್ಟೋ ಭಾರ ಇರ್ತದೆ. ಸ್ಕಾಲರ್‌ಶಿಪ್ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದೋದು. 'ನಿನ್ನ ರ‍್ಯಾಂಕೆಷ್ಟು' ಅಂತ ಕೇಳೋದು. ಅದರ ಅರ್ಥ 'ನಿನ್ನ ಜಾತಿ ಯಾವುದು' ಅಂತ. ಸ್ಕಾಲರ್‌ಶಿಪ್ ದುಡ್ಡು ತಡವಾಗಿ, ಫೀಸಿನ ಕೊನೆ ದಿನ ಮೊದಲೇ ಬರೋದು. ಊರಿಂದ ಅವ್ವ ಫೋನು ಮಾಡಿ 'ನೀನೊಬ್ಬ ಓದಿ ಮುಂದೆ ಬಂದರೆ ಸಾಕಪ್ಪ, ನಮ್ಮ ಕಷ್ಟ ತೀರ್ತದೆ' ಅನ್ನೋದು. ಅವ್ವನದು ಪ್ರೀತಿಯೇ. ಆದರೆ ಹದಿನೇಳು ವರ್ಷದ ಹೆಗಲ ಮೇಲೆ ಇಡೀ ಮನೆಯ ಸಾಲ, ತಂಗಿ ಮದುವೆ, ಕೇರಿಯ ಮಾನ ಎಲ್ಲಾ ಕೂತರೆ ಆ ಹೆಗಲು ಬಾಗದೆ ಏನು ಮಾಡ್ತದೆ? ಹುಡುಗಿಯರಿಗೆ ಇನ್ನೊಂದು ಗಡುವು. ಫೇಲಾದರೆ ಮದುವೆ. ಅವರು ಬರೀ ಪರೀಕ್ಷೆ ಬರೆಯೋದಿಲ್ಲ, ಪ್ರತಿ ಸಲವೂ ತಮ್ಮ ಬಿಡುಗಡೆಯ ಅರ್ಜಿ ಬರೀತಾರೆ.

ಇಷ್ಟು ಭಾರ ಹೊತ್ತ ಮೈ ಬಾಯಿ ಬಿಟ್ಟು ಹೇಳದಿದ್ದರೂ ಬೇರೆ ದಾರಿಯಲ್ಲಿ ಹೇಳ್ತದೆ. ತಲೆನೋವು, ಹೊಟ್ಟೆನೋವು, ಎದೆ ಹೊಡೆದುಕೊಳ್ಳೋದು, ನಿದ್ದೆ ಬಾರದಿರೋದು ಅಥವಾ ಹಗಲೆಲ್ಲಾ ನಿದ್ದೆ, ಊಟ ಸೇರದಿರೋದು, ಸುಮ್ಮಸುಮ್ಮನೆ ಸಿಟ್ಟು. ಊರಲ್ಲಿ ಇದಕ್ಕೆ ಗಾಳಿ ಸೋಕಿದೆ ಅಂತಾರೆ, ತಾಯತ ಕಟ್ಟಿಸ್ತಾರೆ. ಕಾಲೇಜಿನಲ್ಲಿ ಸೋಮಾರಿ ಅಂತಾರೆ, ನೋಟೀಸು ಅಂಟಿಸ್ತಾರೆ. ಎರಡೂ ಸುಳ್ಳು. ಇದಕ್ಕೆ ವೈದ್ಯರು ಆತಂಕ, ಖಿನ್ನತೆ ಅಂತ ಹೆಸರಿಟ್ಟಿದ್ದಾರೆ. ಮಲೇರಿಯಾಕ್ಕೆ, ಕ್ಷಯಕ್ಕೆ ಹೆಸರಿದ್ದ ಹಾಗೆ, ಚಿಕಿತ್ಸೆ ಇದ್ದ ಹಾಗೆ ಇದಕ್ಕೂ ಇದೆ. 10ರಿಂದ 19 ವರ್ಷದೊಳಗಿನ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದು ಇಡೀ ಲೋಕದ ಲೆಕ್ಕ. 70 ಮಂದಿ ಇರೋ ಹಾಸ್ಟೆಲಿಗೆ ಅದನ್ನೇ ಹಿಡಿದರೆ 10 ಮಂದಿ. ಅಂದರೆ ಇದು ಯಾರೋ ಒಬ್ಬ 'ಹುಚ್ಚ'ನ ವಿಷಯ ಅಲ್ಲ. ನಮ್ಮ ನಿಮ್ಮ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರ ವಿಷಯ.

ಇಲ್ಲಿ ಒಂದು ಪ್ರಶ್ನೆ ಏಳ್ತದೆ. ನಮ್ಮಲ್ಲೇ ಕೆಲವರು ಕೇಳ್ತಾರೆ: 'ಮನಸ್ಸಿನ ಕಾಯಿಲೆ ಉಳ್ಳವರ ಮಕ್ಕಳದು. ನಾವು ಹಸಿವನ್ನೇ ಗೆದ್ದವರು. ಅಂಬೇಡ್ಕರ್ ಮಕ್ಕಳು ಅಳಬಾರದು.' ಈ ಮಾತಿನಲ್ಲಿ ಸ್ವಾಭಿಮಾನ ಇದೆ, ಆದರೆ ನಿಜ ಇಲ್ಲ. ಬಾಬಾಸಾಹೇಬರ ಬದುಕನ್ನೇ ತೆಗೆದು ನೋಡಿ. ಸತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆ ಕೂತವರು. ಜವಾನ ಎತ್ತರದಿಂದ ಸುರಿದರೆ ಮಾತ್ರ ನೀರು ಕುಡಿದವರು. ಅಮೆರಿಕಾದ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದರೆ ಅಲ್ಲಿ ಇರೋದಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಅದನ್ನು ನೆನೆದಾಗಲೆಲ್ಲಾ ಕಣ್ಣೀರು ಬರ್ತದೆ ಅನ್ನೋದನ್ನು ಅವರು ಮುಚ್ಚಿಡಲಿಲ್ಲ, ಬರೆದಿಟ್ಟರು. ಅಷ್ಟು ದೊಡ್ಡವರು ಅತ್ತದ್ದನ್ನು ಬರೆದಿರೋವಾಗ ನಮ್ಮ ಹುಡುಗರು ಅಳೋದನ್ನು ಯಾಕೆ ಮುಚ್ಚಿಡಬೇಕು? ಅತ್ತದ್ದರಿಂದ ಅವರು ಸಣ್ಣವರಾಗಲಿಲ್ಲ. ಹತ್ತು ವರ್ಷದ ಮೇಲೆ ಮಹಾಡದ ಕೆರೆಯ ನೀರು ಮುಟ್ಟಿದ್ದೂ ಅವರೇ, 1927ರಲ್ಲಿ.

ಇನ್ನೊಂದು ವಿಷಯ. ಬಾಬಾಸಾಹೇಬರು ಒಬ್ಬರೇ ಓದಿ ಮೇಲೆ ಬಂದರು ಅಂತ ನಾವು ಹೇಳೋದುಂಟು. ಒಬ್ಬರೇ ಅಲ್ಲ. ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿ ಮಗ ಓದಲಿ ಅಂತ ನಡುರಾತ್ರಿ ಎಬ್ಬಿಸಿ ತಾವು ಎಚ್ಚರವಿದ್ದ ತಂದೆ ರಾಮ್‌ಜಿ ಇದ್ದರು. ಪುಸ್ತಕ ಕೊಟ್ಟು ದಾರಿ ತೋರಿದ ಕೆಳುಸ್ಕರ್ ಮಾಸ್ತರರು ಇದ್ದರು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಇತ್ತು. ಬಡತನ ನುಂಗಿಕೊಂಡು ಮನೆ ನಡೆಸಿದ ರಮಾಬಾಯಿ ಇದ್ದರು. ಅಷ್ಟು ದೊಡ್ಡ ತಲೆಗೇ ಇಷ್ಟು ಜನ ಆಸರೆ ಬೇಕಾಯ್ತು. ಆಸರೆ ಕೇಳೋದು ಅವಮಾನ ಅಲ್ಲ. ಇದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಅದಕ್ಕೇ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಮೊದಮೊದಲು ಕೈಹಾಕಿದ ಕೆಲಸಗಳಲ್ಲಿ ಸೊಲ್ಲಾಪುರದ ವಿದ್ಯಾರ್ಥಿನಿಲಯವೂ ಒಂದು. ನಮ್ಮ ಧಾರವಾಡದಲ್ಲೂ ಅವರ ಪ್ರಯತ್ನದಿಂದ ಹಾಸ್ಟೆಲ್ ಆಯ್ತು. ಮಂಗಳೂರಿನಲ್ಲಿ ಅದಕ್ಕೂ ಮುಂಚೆಯೇ ಕುದ್ಮುಲ್ ರಂಗರಾಯರು ಬೈಗುಳ, ಬಹಿಷ್ಕಾರ ತಿಂದುಕೊಂಡು ನಮ್ಮ ಮಕ್ಕಳಿಗೆ ಶಾಲೆ ತೆರೆದಿದ್ದರು.

ಹಾಗಾಗಿ ಹಾಸ್ಟೆಲು ಅನ್ನೋದು ಸರ್ಕಾರದ ಅನ್ನಛತ್ರ ಅಲ್ಲ. ಊರು ಹೊಡೆದಾಗ ಕೂಸನ್ನು ಮಡಿಲಲ್ಲಿ ಮುಚ್ಚಿಕೊಳ್ಳೋ ಅವ್ವನ ಸೆರಗು ಅದು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದಾಗ ಏಟು ಬಿದ್ದದ್ದು ನಮ್ಮ ವಿದ್ಯಾರ್ಥಿಗಳ ಮೇಲೆ. ಆಗ ಹುಡುಗರು ಒಬ್ಬೊಬ್ಬರೇ ಕೋಣೆ ಬಾಗಿಲು ಹಾಕಿಕೊಂಡು ಕೂರಲಿಲ್ಲ, ಒಟ್ಟಿಗೆ ನಿಂತರು. ನಮ್ಮ ಚಳವಳಿ ಬೆಳೆದದ್ದು ಇಂಥಾ ಕೋಣೆಗಳಲ್ಲೇ. ಈಗ ಅದೇ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಮೊಬೈಲು, ನಾಲ್ಕು ಗೋಡೆಗೆ ನಾಲ್ಕು ಮುಖ. ಒಬ್ಬನ ಕಷ್ಟ ಇನ್ನೊಬ್ಬನಿಗೆ ಗೊತ್ತಾಗೋದು ರಿಸಲ್ಟು ಬಂದ ದಿನ.

ತಡವಾಗಿ ಗೊತ್ತಾದರೆ ಏನಾಗ್ತದೆ ಅಂತ ದೇಶ ನೋಡಿದೆ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲನನ್ನು ಕಳಕೊಂಡೆವು. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಆದಿವಾಸಿ ವೈದ್ಯೆ ಪಾಯಲ್ ತಡವಿಯನ್ನು ಕಳಕೊಂಡೆವು. ದೆಹಲಿಯ ಏಮ್ಸ್‌ನಲ್ಲಿ ನಮ್ಮ ಮಕ್ಕಳನ್ನು ಪಾಠದಲ್ಲೂ ಹಾಸ್ಟೆಲಿನಲ್ಲೂ ಹೇಗೆ ಬೇರೆ ಮಾಡ್ತಾರೆ ಅಂತ ಥೋರಟ್ ಸಮಿತಿ 2007ರಲ್ಲೇ ಬರೆದುಕೊಟ್ಟಿತ್ತು. ಓದಿದವರು ಅದನ್ನು ಕಪಾಟಿನಲ್ಲಿಟ್ಟರು.

ಈ ಸಾವುಗಳ ಬಗ್ಗೆ ನಮಗೆ ಸಿಟ್ಟಿದೆ, ಇರಬೇಕು. ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಸಾವು ಹೋರಾಟದ ದಾರಿ ಅಲ್ಲ. ನಮಗೆ ಫೋಟೋಕ್ಕೆ ಹಾರ ಹಾಕೋ ವೀರರು ಬೇಡ, ನಮ್ಮ ಜೊತೆ ಊಟಕ್ಕೆ ಕೂರೋ ಗೆಳೆಯರು ಬೇಕು. ರಾಧಿಕಾ ವೇಮುಲ, ಅಬೇದಾ ತಡವಿ, ಈ ಇಬ್ಬರು ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ತಮ್ಮ ಮಕ್ಕಳು ಬರೋದಿಲ್ಲ ಅಂತ ಅವರಿಗೆ ಗೊತ್ತು. ನಿಮ್ಮಂಥಾ ಮಕ್ಕಳು ಉಳೀಲಿ ಅಂತ ಹೋದರು. ಆ ತಾಯಂದಿರಿಗೆ ನಾವು ತೋರಿಸೋ ಗೌರವ ಅಂದರೆ ಬದುಕಿ ಉಳಿಯೋದು, ಪಕ್ಕದವನನ್ನು ಉಳಿಸಿಕೊಳ್ಳೋದು.

ಈಗ ಮೊದಲು ಬಿಟ್ಟ ಪ್ರಶ್ನೆಗೆ ಬರೋಣ. ಇದು ಡಾಕ್ಟರ ಕೆಲಸವೋ, ಚಳವಳಿಯ ಕೆಲಸವೋ? ಎರಡೂ. ಕೆಲವು ಕಾಲೇಜುಗಳಲ್ಲಿ ಜಾತಿ ಹಿಡಿದು ಬೈದವನನ್ನು ಹಾಗೇ ಬಿಟ್ಟು, ಬೈಸಿಕೊಂಡವನನ್ನು ಕೂರಿಸಿ ಉಸಿರಾಟದ ವ್ಯಾಯಾಮ ಹೇಳಿಕೊಡ್ತಾರೆ. ಮುಳ್ಳನ್ನು ಕಾಲಲ್ಲೇ ಬಿಟ್ಟು ಮುಲಾಮು ಹಚ್ಚೋ ಕೆಲಸ ಅದು. ಇತ್ತ ನಮ್ಮವರು ಕೆಲವರು 'ವ್ಯವಸ್ಥೆ ಬದಲಾದರೆ ಎಲ್ಲಾ ಸರಿಹೋಗ್ತದೆ' ಅಂತ ಭಾಷಣ ಮಾಡ್ತಾರೆ. ಮುಳ್ಳು ಕಿತ್ತ ಮೇಲೂ ಕೀವು ಇದ್ದರೆ ಔಷಧಿ ಬೇಡವೇನ್ರಪ್ಪಾ? ವ್ಯವಸ್ಥೆ ಬದಲಾಗೋ ತನಕ ಈ ರಾತ್ರಿ ನಿದ್ದೆ ಬಾರದ ಹುಡುಗ ಏನು ಮಾಡಬೇಕು? ಅರ್ಜಿಯೂ ಬೇಕು, ಗುಳಿಗೆಯೂ ಬೇಕು.

ಕಾನೂನು ನಮ್ಮ ಕೈಯಲ್ಲಿ ಏನು ಕೊಟ್ಟಿದೆ ಅಂತ ತಿಳಕೊಳ್ಳಿ. 2012ರಲ್ಲಿ ಯುಜಿಸಿ ಕಾಲೇಜುಗಳಲ್ಲಿ ತಾರತಮ್ಯ ತಡೆಯೋ ನಿಯಮ ಮಾಡಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸರ್ಕಾರ ನಡೆಸೋ ಅಥವಾ ಸರ್ಕಾರದ ಹಣದಿಂದ ನಡೆಯೋ ಸೇವೆಯಲ್ಲಿ ಮನಸ್ಸಿನ ಚಿಕಿತ್ಸೆ ಪಡೆಯೋದು ಪ್ರತಿಯೊಬ್ಬರ ಹಕ್ಕು ಅಂತ ಹೇಳಿತು. ಚಿಕಿತ್ಸೆಯ ಗುಟ್ಟು ಕಾಪಾಡಬೇಕು ಅಂತಲೂ ಹೇಳಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಮಾನಸಿಕ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರೋ ಪ್ರತಿ ವಿದ್ಯಾಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು, ನಂಬರು ನೋಡಿ ಮಕ್ಕಳನ್ನು ಬೇರೆ ಬೇರೆ ಮಾಡಬಾರದು, ಎಲ್ಲರ ಮುಂದೆ ಅವಮಾನ ಮಾಡಬಾರದು ಅಂತ ಹೇಳಿತು. ನಿಮ್ಮ ಕಾಲೇಜಿನಲ್ಲಿ ಆ ಸಮಾಲೋಚಕರ ಕೋಣೆ ಎಲ್ಲಿದೆ? ಪ್ರಿನ್ಸಿಪಾಲರನ್ನು ಕೇಳಿ. ಬಾಯಿಮಾತಲ್ಲಿ ಬೇಡ, ಬರೆದು ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ.

ಇನ್ನು ನಾವೇ ಮಾಡಬೇಕಾದ ಕೆಲಸ. ಇದಕ್ಕೆ ಯಾರ ಆದೇಶವೂ ಬೇಕಿಲ್ಲ.

ಒಂದು. ಹೊಸಬರು ಬಂದ ಮೊದಲ ಎರಡು ತಿಂಗಳು ಬಹಳ ಕಷ್ಟದ್ದು. ಒಬ್ಬ ಸೀನಿಯರಿಗೆ ಇಬ್ಬರು ಜೂನಿಯರು ಅಂತ ಹಂಚಿಕೊಳ್ಳಿ. ರ‍್ಯಾಗಿಂಗ್ ಮಾಡೋದಕ್ಕಲ್ಲ. ಬಸ್ ಪಾಸು ಎಲ್ಲಿ, ಸ್ಕಾಲರ್‌ಶಿಪ್ ಅರ್ಜಿ ಹೇಗೆ, ಲೈಬ್ರರಿ ಪುಸ್ತಕ ಹೇಗೆ ಅಂತ ತೋರಿಸೋದಕ್ಕೆ. ವಾರಕ್ಕೊಮ್ಮೆ 'ಊಟ ಆಯ್ತಾ, ನಿದ್ದೆ ಬರ್ತಿದೆಯಾ' ಅಂತ ಕೇಳೋದಕ್ಕೆ.

ಎರಡು. ಪ್ರತಿ ವಿಷಯಕ್ಕೂ ಪದಗಳ ನೋಟ್‌ಬುಕ್ಕು ಇಡಿ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಿಮಗೆ ಗೊತ್ತಿರೋ ಕನ್ನಡ ಪದ, ಕೆಳಗೆ ನಿಮ್ಮ ಮಾತಲ್ಲೇ ಒಂದು ಸಾಲು ಅರ್ಥ. ಹೋದ ವರ್ಷದವರು ಬರೆದದ್ದು ಈ ವರ್ಷದವರಿಗೆ ಆಸ್ತಿ. ಮೊದಲು ಕನ್ನಡದಲ್ಲಿ ಅರ್ಥ ಆಗಲಿ, ಇಂಗ್ಲಿಷಿನಲ್ಲಿ ಬರೆಯೋದು ಆಮೇಲೆ ಬರ್ತದೆ. ಅರ್ಥ ಆಗದೆ ಬಾಯಿಪಾಠ ಮಾಡಿದ್ದು ಪರೀಕ್ಷೆ ಹಾಲಿನ ಬಾಗಿಲಲ್ಲೇ ಕೈ ಕೊಡ್ತದೆ.

ಮೂರು. ಓದಿದ್ದನ್ನೇ ಹತ್ತು ಸಲ ಓದಬೇಡಿ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಗೆಳೆಯನಿಗೆ ಹೇಳಿ, ಇಲ್ಲವೇ ಹಾಳೆಯ ಮೇಲೆ ಬರೀರಿ. ತಪ್ಪಿದ್ದನ್ನು ತೆರೆದು ನೋಡಿ. ಮಾರನೇ ದಿನ ಮತ್ತೆ, ವಾರ ಬಿಟ್ಟು ಮತ್ತೆ. ಹೀಗೆ ನೆನಪಿನಿಂದ ಹೊರಗೆ ತೆಗೆದದ್ದು ಹೆಚ್ಚು ಕಾಲ ನಿಲ್ತದೆ ಅಂತ ಮನಶ್ಶಾಸ್ತ್ರದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮವರಿಗೆ ಇದು ಹೊಸದೇನಲ್ಲ. ಅಕ್ಷರ ಕಲಿಯದ ನೀಲಗಾರರು ರಾತ್ರಿಯೆಲ್ಲಾ ಮಂಟೇಸ್ವಾಮಿ ಕಥೆ ಹಾಡ್ತಾರಲ್ಲ, ಅವರು ಯಾವ ಪುಸ್ತಕ ನೋಡಿ ಕಲಿತರು? ಕೇಳಿ, ಮತ್ತೆ ಹಾಡಿ, ತಪ್ಪಿದರೆ ಗುರುವಿನಿಂದ ತಿದ್ದಿಸಿಕೊಂಡು ಕಲಿತರು. ಅಷ್ಟು ದೊಡ್ಡ ನೆನಪಿನ ಜನ ನಾವು. ನಮ್ಮನ್ನು ದಡ್ಡರು ಅನ್ನೋರು ಒಂದು ರಾತ್ರಿ ಕೂತು ಅದನ್ನು ಕೇಳಲಿ. ಹಾಗೇ, ಪರೀಕ್ಷೆ ಹಿಂದಿನ ರಾತ್ರಿ ನಿದ್ದೆ ಬಿಡಬೇಡಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲೇ.

ನಾಲ್ಕು. ಕೆಲವು ಮಕ್ಕಳು ಮಾತಲ್ಲಿ ಚುರುಕು, ಲೆಕ್ಕ ಬಾಯಲ್ಲೇ ಹೇಳ್ತಾರೆ, ಆದರೆ ಓದೋಕೆ ಕೂತರೆ ಅಕ್ಷರ ಅದಲುಬದಲು. ಅದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಸೋಮಾರಿತನ ಅಲ್ಲ, ಬುದ್ಧಿ ಕಡಿಮೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರೋ 21 ಬಗೆಗಳಲ್ಲಿ ಇಂಥಾ ಕಲಿಕೆಯ ತೊಂದರೆಯೂ ಸೇರಿದೆ. ಸರ್ಟಿಫಿಕೇಟು ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಸಿಗ್ತದೆ. ಉಳ್ಳವರ ಮಕ್ಕಳಿಗೆ ಇದು ಮೂರನೇ ಕ್ಲಾಸಿನಲ್ಲೇ ಗೊತ್ತಾಗ್ತದೆ. ನಮ್ಮ ಮಕ್ಕಳಿಗೆ ಏಟು ಸಿಗ್ತದೆ, ಆಮೇಲೆ ಶಾಲೆ ಬಿಡ್ತಾರೆ. ನಿಮ್ಮ ಕೇರಿಯಲ್ಲಿ ಅಂಥಾ ತಮ್ಮ ತಂಗಿ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋಗಿ.

ಐದು. ಫೇಲು ಅಂದರೆ ಬದುಕು ಮುಗೀತು ಅಂತಲ್ಲ. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಇಟ್ಟರು. ರಿಸಲ್ಟಿನ ದಿನ ಪಾಸಾದವರು ಮೊದಲು ಫೇಲಾದವರ ಕೋಣೆಗೆ ಹೋಗಿ. ಸಿಹಿ ಹಂಚೋದು ಆಮೇಲೆ.

ಆರು. ಇದು ಎಲ್ಲಕ್ಕಿಂತ ಮುಖ್ಯ. ಬೇಜಾರು ಎಲ್ಲರಿಗೂ ಬರ್ತದೆ, ಎರಡು ದಿನಕ್ಕೆ ಹೋಗ್ತದೆ. ಆದರೆ ಎರಡು ವಾರ ಕಳೆದರೂ ಗೆಳೆಯ ನಗದಿದ್ದರೆ, ಊಟ ನಿದ್ದೆ ಕೆಟ್ಟರೆ, ಇಷ್ಟದ ಆಟಕ್ಕೂ ಬಾರದಿದ್ದರೆ, ಸಾಮಾನೆಲ್ಲಾ ಹಂಚೋಕೆ ಶುರು ಮಾಡಿದರೆ, 'ನಾನಿಲ್ಲದಿದ್ರೆ ಚೆನ್ನಾಗಿತ್ತು' ಅಂದರೆ, ಕಾಯಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: 'ಸಾಯೋ ಯೋಚನೆ ಬರ್ತಿದೆಯೇನೋ?' ಕೇಳಿದರೆ ಇಲ್ಲದ ಯೋಚನೆ ಹುಟ್ತದೆ ಅನ್ನೋದು ಸುಳ್ಳು. ಕೇಳಿದರೆ ಎದೆ ಹಗುರಾಗ್ತದೆ. ಬುದ್ಧಿ ಹೇಳಬೇಡಿ, ಬೈಯಬೇಡಿ, ಕೇಳಿಸಿಕೊಳ್ಳಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಗುಟ್ಟು ಅಂತ ನಿಮ್ಮೊಳಗೇ ಇಟ್ಟುಕೊಳ್ಳಲೂ ಬೇಡಿ. ನಂಬಿಕೆಯ ಹಿರಿಯರಿಗೆ ಹೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಬಾಯಿ ಚಪಲಕ್ಕೆ ಹಾಸ್ಟೆಲ್ಲೆಲ್ಲಾ ಹರಡಿದರೆ ಅದು ದ್ರೋಹ.

14416. ಈ ನಂಬರು ಬರಕೊಳ್ಳಿ. ಟೆಲಿ ಮಾನಸ್ ಅಂತ ಹೆಸರು. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲೂ ರಾತ್ರಿ ಫೋನು ಎತ್ತುತಾರೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಜಾತಿ ದೌರ್ಜನ್ಯ ಆದರೆ 14566, ಅದು ಬೇರೆ ಸಹಾಯವಾಣಿ. ಒಂದು ಮನಸ್ಸಿಗೆ, ಒಂದು ನ್ಯಾಯಕ್ಕೆ. ಎರಡನ್ನೂ ಮೆಸ್ಸಿನ ಗೋಡೆಯ ಮೇಲೆ ದೊಡ್ಡದಾಗಿ ಬರೀರಿ. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆಸ್ಪತ್ರೆಗಳ ಮೂಲಕವೇ ಮನಸ್ಸಿನ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಚೀಟಿ ಕೇಳಿ. ಅದು ನಮ್ಮ ತೆರಿಗೆಯಿಂದ, ನಮ್ಮವರ ಬೆವರಿಂದ ನಡೆಯೋ ಆಸ್ಪತ್ರೆ. ಗುಳಿಗೆ ಕೊಟ್ಟರೆ ಗುಣ ಕಾಣೋಕೆ ಕೆಲವು ವಾರ ಹಿಡೀಬಹುದು. ಎರಡು ದಿನಕ್ಕೇ ನೀವಾಗಿ ಬಿಡಬೇಡಿ. ಸಾರಾಯಿ ಮಾತ್ರ ಇದಕ್ಕೆ ಔಷಧಿ ಅಲ್ಲ. ನಮ್ಮ ಅಪ್ಪಂದಿರ ದುಃಖವನ್ನು ಅದು ತೀರಿಸಿದ್ದರೆ ನಮ್ಮ ಅವ್ವಂದಿರು ಅಷ್ಟು ಅಳಬೇಕಾಗಿರಲಿಲ್ಲ.

ಕೊನೆಗೆ ಒಂದು ಹುಡುಗಿಯ ವಿಷಯ. ಪುಣೆಯಲ್ಲಿ ಜೋತಿಬಾ, ಸಾವಿತ್ರಿಬಾಯಿ ಫುಲೆಯವರ ಶಾಲೆಯಲ್ಲಿ ಮಾಂಗ್ ಜಾತಿಯ ಮುಕ್ತಾ ಸಾಳ್ವೆ ಓದ್ತಿದ್ದಳು. ಹದಿನಾಲ್ಕರ ಆಸುಪಾಸಿನ ಕೂಸು. 1855ರಲ್ಲಿ ಮಾಂಗ್ ಮಹಾರರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯ್ತು. ಯೋಚನೆ ಮಾಡಿ. ಆ ದುಃಖ ಅವಳ ಎದೆಯಲ್ಲೇ ಉಳಿದಿದ್ದರೆ ಅವಳನ್ನು ಒಳಗಿಂದ ತಿಂತಿತ್ತು. ಅಕ್ಷರ ಸಿಕ್ಕಿತು, ಕೇಳೋ ಮೇಷ್ಟ್ರು ಸಿಕ್ಕರು, ದುಃಖ ಪ್ರಶ್ನೆಯಾಯ್ತು. ಮನಸ್ಸಿನ ಆರೋಗ್ಯ ಅಂದರೆ ನಮಗೆ ಇದೇ. ಒಳಗೆ ಕೊಳೆಯೋದನ್ನು ಹೊರಗೆ ತಂದು, ಕೇಳೋರ ಮುಂದೆ ಇಟ್ಟು, ಅದಕ್ಕೆ ಕಾರಣ ಆದವರನ್ನು ಪ್ರಶ್ನೆ ಕೇಳೋದು.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಕೂಗ್ತೀವಲ್ಲ. ಪಕ್ಕದ ಮಂಚದವನು ಎರಡು ವಾರದಿಂದ ಉಣ್ಣದ್ದು ಗೊತ್ತಿಲ್ಲದವರದು ಎಂಥಾ ಸಂಘಟನೆ? ಇಲ್ಲಿಂದ ಹೋದ ಮೇಲೆ ಮಾಡೋ ಮೊದಲ ಕೆಲಸ ಇಷ್ಟು: ಪ್ರತಿ ಹಾಸ್ಟೆಲಿನಲ್ಲಿ ಐದು ಮಂದಿಯ ಗುಂಪು ಮಾಡಿ, ಹುಡುಗಿಯರ ಹಾಸ್ಟೆಲಿನಲ್ಲಿ ಹುಡುಗಿಯರದೇ ಗುಂಪು. ಗೋಡೆಯ ಮೇಲೆ ನಂಬರು ಬರೀರಿ. ಸಮಾಲೋಚಕರಿಗಾಗಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ. ಪದಗಳ ನೋಟ್‌ಬುಕ್ಕು ಶುರು ಮಾಡಿ. ಮುಂದಿನ ಸಭೆಗೆ ಬರೋವಾಗ ಇವುಗಳಲ್ಲಿ ಏನೇನಾಯ್ತು ಅಂತ ಬರಕೊಂಡು ಬನ್ನಿ, ಒಂದೊಂದೇ ಓದೋಣ.

ಜೈ ಭೀಮ್.